ಸಂಚಾರಿ ಅಡ್-ಹಾಕ್ ನಿಸ್ತಂತು ಜಾಲಗಳಲ್ಲಿ ಸಂದೇಶಗಳ ಸುರಕ್ಷತೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸಂಚಾರಿ ದೂರವಾಣಿಯಿಂದ ಹೊರಟ ಸಂದೇಶವು ಸಾಮಾನ್ಯವಾಗಿ ಸಮೀಪದ ಗೋಪುರವನ್ನು ಸೇರಿ, ಸೇವೆ ಒದಗಿಸುವ ಸಂಸ್ಥೆಯ ಕೇಂದ್ರಗಳ ಮೂಲಕ ಹಾದು, ಸ್ವೀಕರಿಸಬೇಕಾದವರನ್ನು ತಲುಪುತ್ತದೆ. ನೆರೆ, ಚಂಡಮಾರುತ, ಭೂಕಂಪ ಮುಂತಾದ ಸಂದರ್ಭಗಳಲ್ಲಿ ವಿದ್ಯುತ್ ಕಡಿತಗೊಂಡು ಗೋಪುರಗಳು ಸ್ಥಗಿತಗೊಂಡರೆ ಈ ಮಾರ್ಗವು ಮುಚ್ಚಿಹೋಗುತ್ತದೆ. ಅಂತಹ ಸಮಯದಲ್ಲಿ ಗೋಪುರದ ನೆರವಿಲ್ಲದೆ, ಒಂದು ಸಾಧನದಿಂದ ಸಮೀಪದ ಮತ್ತೊಂದು ಸಾಧನಕ್ಕೆ, ಅಲ್ಲಿಂದ ಮುಂದಿನದಕ್ಕೆ ಎಂಬಂತೆ ಸಂದೇಶವನ್ನು ಸಾಗಿಸುವ ವ್ಯವಸ್ಥೆಗೆ ಸಂಚಾರಿ ಅಡ್-ಹಾಕ್ ನಿಸ್ತಂತು ಜಾಲ ಎಂದು ಹೆಸರು.

ಈ ವ್ಯವಸ್ಥೆಯಲ್ಲಿ ಸಂದೇಶವನ್ನು ಹೊತ್ತು ಸಾಗಿಸುವವರು ಅಪರಿಚಿತರು. ಅವರಲ್ಲಿ ಪ್ರಾಮಾಣಿಕರು ಯಾರು, ವಂಚಕರು ಯಾರು ಎಂಬುದನ್ನು ಹೇಳುವ ಕೇಂದ್ರ ಕಚೇರಿ ಯಾವುದೂ ಇರುವುದಿಲ್ಲ. ಆದುದರಿಂದ ಸಂದೇಶವನ್ನು ಗೂಢಲಿಪಿಯಲ್ಲಿ ಬರೆದುಬಿಟ್ಟರೆ ಸುರಕ್ಷತೆ ದೊರೆಯಿತೆಂದು ಭಾವಿಸುವುದು ಸರಿಯಲ್ಲ. ಆ ಗೂಢಲಿಪಿಯನ್ನು ಬಿಡಿಸುವ ಕೀಲಿಯು ನಿಜವಾಗಿಯೂ ಉದ್ದೇಶಿತ ವ್ಯಕ್ತಿಯ ಬಳಿಯೇ ಇದೆಯೇ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಈ ಪ್ರಶ್ನೆಗೆ ಉತ್ತರವನ್ನು ಸಂಪರ್ಕ ಕಡಿದುಹೋದ ನಂತರ ಹುಡುಕುವುದು ಕಷ್ಟ. ಹೀಗಾಗಿ ಇಂತಹ ಜಾಲದಲ್ಲಿ ಸಂದೇಶದ ಸುರಕ್ಷತೆಯು ಬಹುಮಟ್ಟಿಗೆ ಜಾಲವು ರೂಪುಗೊಳ್ಳುವ ಮೊದಲೇ ನಿರ್ಧಾರವಾಗಿರುತ್ತದೆ. ಈ ವಿಷಯವನ್ನು ಸಾರ್ವಜನಿಕರಿಗೆ ವಿವರಿಸುವ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಜಾಲದ ಸ್ವರೂಪ ಮತ್ತು ಹಿನ್ನೆಲೆ

ಗಣಕಯಂತ್ರಗಳ ನಡುವೆ ನಿಸ್ತಂತು ಮಾರ್ಗದಲ್ಲಿ ದತ್ತಾಂಶವನ್ನು ಕಳುಹಿಸುವ ಆಲೋಹಾನೆಟ್ ಎಂಬ ಜಾಲವು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿತು. ಅದರ ಬೆನ್ನಿಗೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ದಾರ್ಪಾ, ಚಲಿಸುತ್ತಿರುವ ವಾಹನಗಳಲ್ಲಿನ ರೇಡಿಯೋಗಳು ಒಂದರ ಸಂದೇಶವನ್ನು ಮತ್ತೊಂದು ಸಾಗಿಸುವಂತಹ ಪ್ಯಾಕೆಟ್ ರೇಡಿಯೋ ಯೋಜನೆಯನ್ನು ಕೈಗೊಂಡಿತು. ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು 1997ರಲ್ಲಿ ಈ ವಿಷಯಕ್ಕಾಗಿಯೇ ಮ್ಯಾನೆಟ್ ಎಂಬ ಕಾರ್ಯತಂಡವನ್ನು ರಚಿಸಿತು. ಈ ತಂಡದ ಮೂಲಕ 2003ರಲ್ಲಿ ಎಒಡಿವಿ ಮತ್ತು ಒಎಲ್‌ಎಸ್‌ಆರ್, 2007ರಲ್ಲಿ ಡಿಎಸ್‌ಆರ್ ಎಂಬ ಮಾರ್ಗ ನಿರ್ಣಯ ನಿಯಮಾವಳಿಗಳು ಪ್ರಕಟವಾದವು.

ಇಂತಹ ಜಾಲದ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

ಅ) ಸ್ಥಿರವಾದ ಕೇಂದ್ರ ಇರುವುದಿಲ್ಲ. ಪ್ರತಿಯೊಂದು ಸಾಧನವೂ ತನ್ನ ಸಂದೇಶವನ್ನು ಕಳುಹಿಸುವುದರ ಜೊತೆಗೆ ಇತರರ ಸಂದೇಶವನ್ನೂ ಮುಂದಕ್ಕೆ ಸಾಗಿಸುತ್ತದೆ.

ಆ) ಸಾಧನಗಳನ್ನು ಹೊಂದಿರುವವರು ಚಲಿಸುತ್ತಿರುವುದರಿಂದ ಮಾರ್ಗವು ಆಗಾಗ್ಗೆ ಬದಲಾಗುತ್ತದೆ. ಈಗ ನೆರೆಯಲ್ಲಿದ್ದ ಸಾಧನ ಸ್ವಲ್ಪ ಹೊತ್ತಿನಲ್ಲಿ ವ್ಯಾಪ್ತಿಯಿಂದ ಹೊರಗೆ ಹೋಗಬಹುದು.

ಇ) ಸಂದೇಶವು ಗಾಳಿಯಲ್ಲಿ ಪ್ರಸಾರವಾಗುವುದರಿಂದ ವ್ಯಾಪ್ತಿಯಲ್ಲಿರುವ ಯಾರು ಬೇಕಾದರೂ ಅದನ್ನು ಆಲಿಸಬಹುದು.

ಈ) ಸಾಧನಗಳು ಬ್ಯಾಟರಿಯನ್ನು ಅವಲಂಬಿಸಿರುತ್ತವೆ. ಹೆಚ್ಚು ಲೆಕ್ಕಾಚಾರವನ್ನು ಬೇಡುವ ಸುರಕ್ಷತಾ ವಿಧಾನಗಳು ಬ್ಯಾಟರಿಯನ್ನು ಬೇಗನೆ ಬರಿದುಮಾಡುತ್ತವೆ.

3. ಸುರಕ್ಷತೆಯ ಅಂಶಗಳು

ಸುರಕ್ಷತೆ ಎಂಬ ಪದದಲ್ಲಿ ಹಲವು ಅಂಶಗಳು ಅಡಗಿವೆ. ಒಂದನ್ನು ಸಾಧಿಸಿದ ಮಾತ್ರಕ್ಕೆ ಉಳಿದವು ತಾವಾಗಿಯೇ ಒದಗುವುದಿಲ್ಲವಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ತಿಳಿಯುವುದು ಅಗತ್ಯ.

ಅ) ಗೋಪ್ಯತೆ: ಉದ್ದೇಶಿತ ವ್ಯಕ್ತಿಯ ಹೊರತು ಬೇರೆಯವರು ಸಂದೇಶವನ್ನು ಓದಲಾಗದಿರುವುದು.

ಆ) ಅಖಂಡತೆ: ಸಂದೇಶವು ದಾರಿಯಲ್ಲಿ ತಿದ್ದುಪಡಿಯಾಗದೆ ಬರೆದಂತೆಯೇ ತಲುಪುವುದು.

ಇ) ದೃಢೀಕರಣ: ಕಳುಹಿಸಿದವರು ತಾವೆಂದು ಹೇಳಿಕೊಂಡವರೇ ಹೌದೆಂದು ಖಚಿತವಾಗುವುದು.

ಈ) ಲಭ್ಯತೆ: ಜಾಲವು ಬೇಕಾದ ಹೊತ್ತಿನಲ್ಲಿ ಕೆಲಸ ಮಾಡುವುದು.

ಉ) ಹೊಣೆಗಾರಿಕೆ: ಕಳುಹಿಸಿದವರು ತಾವು ಕಳುಹಿಸಿಲ್ಲವೆಂದು ನಂತರ ನಿರಾಕರಿಸಲಾಗದಿರುವುದು.

ಉದಾಹರಣೆಗೆ, ನೆರೆಪೀಡಿತ ಪ್ರದೇಶದಲ್ಲಿ ಸೇತುವೆಯೊಂದು ಕುಸಿಯುವ ಸ್ಥಿತಿಯಲ್ಲಿದೆ ಎಂಬ ಸಂದೇಶವನ್ನು ಎಲ್ಲರೂ ಓದಬೇಕು. ಅದರಲ್ಲಿ ಗುಟ್ಟು ಏನೂ ಇಲ್ಲ. ಆದರೆ ಅದೇ ಸಂದೇಶವನ್ನು ಯಾರಾದರೂ ತಿದ್ದಿ ಸೇತುವೆ ಸುರಕ್ಷಿತವಾಗಿದೆ ಎಂದು ಪ್ರಚಾರ ಮಾಡಿದರೆ ಪ್ರಾಣಹಾನಿ ಆಗಬಹುದು. ಇಲ್ಲಿ ಬೇಕಾದುದು ಅಖಂಡತೆ ಮತ್ತು ದೃಢೀಕರಣ. ಮತ್ತೊಂದೆಡೆ, ಒಂಟಿಯಾಗಿರುವ ವೃದ್ಧರೊಬ್ಬರು ತಮ್ಮ ವಿಳಾಸವನ್ನೂ ಕಾಯಿಲೆಯ ವಿವರವನ್ನೂ ಕಳುಹಿಸುವಾಗ ಗೋಪ್ಯತೆಯೂ ಅಗತ್ಯವಾಗುತ್ತದೆ. ಯಾವ ಸಂದೇಶಕ್ಕೆ ಯಾವ ಅಂಶ ಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

4. ಎದುರಾಗುವ ಅಪಾಯಗಳು

ಅ) ಕದ್ದಾಲಿಕೆ: ಸಂದೇಶವನ್ನು ಸಾಗಿಸುವ ಸಾಧನವೇ ಅದರ ಪ್ರತಿಯನ್ನು ಇಟ್ಟುಕೊಳ್ಳಬಹುದು. ವ್ಯಾಪ್ತಿಯಲ್ಲಿರುವ ಇತರರೂ ಸುಳಿವು ಕೊಡದೆ ಆಲಿಸಬಹುದು.

ಆ) ಮರುಪ್ರಸಾರ: ಹಳೆಯ ಸಂದೇಶವನ್ನು ಹಿಡಿದಿಟ್ಟುಕೊಂಡು ಕೆಲವು ಗಂಟೆಗಳ ನಂತರ ಮತ್ತೆ ಹರಡುವುದು. ಸಂದೇಶದ ಸಹಿ ಸರಿಯಾಗಿದ್ದರೂ ಅದರ ಕಾಲ ಮೀರಿರುತ್ತದೆ. ನಿನ್ನೆಯ ಪರಿಹಾರ ಕೇಂದ್ರದ ವಿಳಾಸ ಇಂದು ಜನರನ್ನು ದಾರಿ ತಪ್ಪಿಸಬಹುದು.

ಇ) ಕಪ್ಪುಕುಳಿ ದಾಳಿ: ಎಒಡಿವಿ ನಿಯಮಾವಳಿಯಲ್ಲಿ ಸಂದೇಶ ಕಳುಹಿಸುವ ಸಾಧನವು ಇಂತಹವರಿಗೆ ದಾರಿ ಯಾರಿಗೆ ಗೊತ್ತು ಎಂದು ನೆರೆಹೊರೆಯನ್ನು ಕೇಳುತ್ತದೆ. ಬಂದ ಉತ್ತರಗಳಲ್ಲಿ ಹೆಚ್ಚಿನ ಅನುಕ್ರಮ ಸಂಖ್ಯೆ ಇರುವುದನ್ನು ಹೊಸ ಮಾರ್ಗವೆಂದು ಒಪ್ಪಿಕೊಳ್ಳುತ್ತದೆ. ವಂಚಕ ಸಾಧನವು ಸುಳ್ಳಾಗಿ ದೊಡ್ಡ ಸಂಖ್ಯೆಯನ್ನು ನೀಡಿ ಎಲ್ಲ ಸಂದೇಶಗಳನ್ನೂ ತನ್ನೆಡೆಗೆ ಎಳೆದುಕೊಂಡು ಅವುಗಳನ್ನು ಮುಂದಕ್ಕೆ ಸಾಗಿಸದೆ ಬಿಟ್ಟುಬಿಡಬಹುದು.

ಈ) ಸುರಂಗ ದಾಳಿ: ದೂರದಲ್ಲಿರುವ ಇಬ್ಬರು ವಂಚಕರು ತಮ್ಮ ನಡುವೆ ವೇಗದ ಪ್ರತ್ಯೇಕ ಸಂಪರ್ಕವನ್ನು ಇಟ್ಟುಕೊಂಡು, ಒಂದೆಡೆ ಕೇಳಿದ್ದನ್ನು ಮತ್ತೊಂದೆಡೆ ಹಾಗೆಯೇ ಪ್ರಸಾರ ಮಾಡುವುದು. ಇದರಿಂದ ದೂರದ ಸಾಧನಗಳು ಅಕ್ಕಪಕ್ಕದಲ್ಲಿವೆ ಎಂಬ ಭ್ರಮೆ ಉಂಟಾಗಿ ಸಂದೇಶಗಳೆಲ್ಲ ಆ ಸುರಂಗದ ಮೂಲಕವೇ ಸಾಗುತ್ತವೆ. ಯಾವ ಗೂಢಲಿಪಿಯನ್ನೂ ಭೇದಿಸದೆ ಈ ದಾಳಿಯನ್ನು ನಡೆಸಬಹುದೆಂಬುದು ಗಮನಾರ್ಹ.

ಉ) ಸಿಬಿಲ್ ದಾಳಿ: 2002ರಲ್ಲಿ ಜಾನ್ ಡೌಸರ್ ಅವರು ವಿವರಿಸಿದ ಈ ದಾಳಿಯಲ್ಲಿ ಒಂದೇ ಸಾಧನವು ಹಲವು ಹೆಸರುಗಳಿಂದ ಕಾಣಿಸಿಕೊಳ್ಳುತ್ತದೆ. ಬಹುರೂಪಿಯ ವೇಷಗಳಂತೆ ಇದ್ದವನು ಒಬ್ಬನೇ ಆದರೂ ಕಂಡವರು ಹಲವರು. ಹೆಚ್ಚು ಮಂದಿ ಹೇಳಿದ್ದೇ ನಿಜ ಎಂಬ ತತ್ತ್ವದ ಮೇಲೆ ನಿಂತಿರುವ ರಕ್ಷಣೆಗಳು ಇದರಿಂದ ವಿಫಲವಾಗುತ್ತವೆ.

ಊ) ಬ್ಯಾಟರಿ ಬರಿದುಮಾಡುವಿಕೆ: ಅನವಶ್ಯಕ ಸಂದೇಶಗಳನ್ನು ಎಡೆಬಿಡದೆ ಕಳುಹಿಸಿ ಸಾಧನವು ವಿಶ್ರಾಂತಿ ಸ್ಥಿತಿಗೆ ಹೋಗದಂತೆ ತಡೆಯುವುದು. 1999ರಲ್ಲಿ ಫ್ರಾಂಕ್ ಸ್ಟಜಾನೊ ಮತ್ತು ರಾಸ್ ಆಂಡರ್ಸನ್ ಈ ದಾಳಿಯನ್ನು ನಿದ್ರಾಭಂಗದ ಹಿಂಸೆಗೆ ಹೋಲಿಸಿದರು.

5. ಗೂಢಲಿಪಿಯ ಎರಡು ಕ್ರಮಗಳು

ಗೂಢಲಿಪಿಯನ್ನು ಬಳಸಲಾಗಿದೆ ಎಂಬ ಹೇಳಿಕೆಯಿಂದ ಪೂರ್ಣ ಚಿತ್ರ ದೊರೆಯುವುದಿಲ್ಲ. ಅದು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ವಿಚಾರಿಸಬೇಕು.

ಮೊದಲನೆಯದು ಹಂತದಿಂದ ಹಂತಕ್ಕೆ ನೀಡುವ ರಕ್ಷಣೆ. ಇದರಲ್ಲಿ ಪ್ರತಿ ಎರಡು ನೆರೆಯ ಸಾಧನಗಳ ನಡುವೆ ಮಾತ್ರ ಸಂದೇಶವು ಗೂಢಲಿಪಿಯಲ್ಲಿರುತ್ತದೆ. ನಡುವಿನ ಪ್ರತಿಯೊಂದು ಸಾಧನವೂ ಅದನ್ನು ಬಿಡಿಸಿ, ಓದಬಲ್ಲ ರೂಪಕ್ಕೆ ತಂದು, ಮತ್ತೆ ಮುಚ್ಚಿ ಮುಂದಕ್ಕೆ ಕಳುಹಿಸುತ್ತದೆ. ಹೊರಗಿನ ಕದ್ದಾಲಿಕೆಯಿಂದ ಇದು ರಕ್ಷಣೆ ನೀಡುತ್ತದೆ. ಸಾಗಿಸುವವರಿಂದ ರಕ್ಷಣೆ ನೀಡುವುದಿಲ್ಲ.

ಎರಡನೆಯದು ತುದಿಯಿಂದ ತುದಿಗೆ ನೀಡುವ ರಕ್ಷಣೆ. ಕಳುಹಿಸುವವರು ಮುಚ್ಚಿದ ಸಂದೇಶವನ್ನು ಸ್ವೀಕರಿಸುವವರು ಮಾತ್ರ ತೆರೆಯಬಲ್ಲರು. ನಡುವಿನ ಸಾಧನಗಳು ಮೊಹರು ಮಾಡಿದ ಲಕೋಟೆಯನ್ನು ಹೊತ್ತವರಂತೆ ಸಾಗಿಸುತ್ತವೆ. ಅಪರಿಚಿತರ ಕೈಯಿಂದ ಕೈಗೆ ಸಾಗುವ ಅಡ್-ಹಾಕ್ ಜಾಲದಲ್ಲಿ ಗೋಪ್ಯ ಸಂದೇಶಕ್ಕೆ ಈ ಎರಡನೆಯ ಕ್ರಮವೇ ಅವಶ್ಯಕ.

ಇದಕ್ಕೆ ಬೇಕಾದ ಗಣಿತ ವಿಧಾನಗಳು ಲಭ್ಯವಿವೆ. ಅಮೆರಿಕದ ಮಾನಕ ಸಂಸ್ಥೆಯು 2001ರಲ್ಲಿ ಪ್ರಕಟಿಸಿದ ಎಇಎಸ್ ವಿಧಾನವು ವಿಶ್ವದಾದ್ಯಂತ ಬಳಕೆಯಲ್ಲಿದೆ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ವಿಧಾನದ ಮೂಲಕ, ಹಿಂದೆ ಎಂದೂ ಭೇಟಿಯಾಗದ ಇಬ್ಬರು ಎಲ್ಲರೂ ಕೇಳುತ್ತಿರುವ ಮಾರ್ಗದಲ್ಲಿಯೇ ಮಾತನಾಡಿ, ತಮ್ಮಿಬ್ಬರಿಗೆ ಮಾತ್ರ ತಿಳಿದ ಕೀಲಿಯೊಂದನ್ನು ರೂಪಿಸಿಕೊಳ್ಳಬಹುದು. ಆದರೆ ಆ ಮತ್ತೊಬ್ಬರು ಯಾರು ಎಂಬುದನ್ನು ಈ ವಿಧಾನವು ತಾನಾಗಿಯೇ ಹೇಳುವುದಿಲ್ಲ. ವಂಚಕನೊಬ್ಬ ನಡುವೆ ನಿಂತು ಇಬ್ಬರೊಡನೆಯೂ ಬೇರೆ ಬೇರೆ ಕೀಲಿಗಳನ್ನು ರೂಪಿಸಿಕೊಂಡರೆ, ಇಬ್ಬರೂ ತಾವು ಪರಸ್ಪರ ಗುಟ್ಟಾಗಿ ಮಾತನಾಡುತ್ತಿದ್ದೇವೆಂದು ಭಾವಿಸಿಯೇ ತಮ್ಮ ಸಂದೇಶಗಳನ್ನೆಲ್ಲ ಅವನಿಗೆ ಒಪ್ಪಿಸುತ್ತಾರೆ. ಅಡ್-ಹಾಕ್ ಜಾಲದಲ್ಲಿ ನಡುವೆ ಯಾರಾದರೂ ಇರುವುದು ಸಹಜ ಸ್ಥಿತಿಯೇ ಆಗಿರುವುದರಿಂದ ಈ ಅಪಾಯ ಅಧಿಕ.

6. ಕೀಲಿಯನ್ನು ನಂಬುವ ಬಗೆ

ಬಹಿರಂಗ ಕೀಲಿಯು ಇಂತಹ ವ್ಯಕ್ತಿಯದೇ ಎಂದು ಖಚಿತಪಡಿಸುವುದಕ್ಕೆ ಅಂತರಜಾಲದಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳಿವೆ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಅಡಿಯಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಇವುಗಳಿಗೆ ಪರವಾನಗಿ ನೀಡುತ್ತಾರೆ. ಆದರೆ ಸಂಪರ್ಕ ಕಡಿದುಹೋದ ಸ್ಥಳದಿಂದ ಪ್ರಾಧಿಕಾರವನ್ನು ತಲುಪಿ, ಪ್ರಮಾಣಪತ್ರವು ರದ್ದಾಗಿದೆಯೇ ಎಂದು ವಿಚಾರಿಸಲು ಸಾಧ್ಯವಾಗದು. ಈ ತೊಡಕನ್ನು ಬಗೆಹರಿಸಲು ಮೂರು ಬಗೆಯ ವಿಧಾನಗಳು ರೂಪುಗೊಂಡಿವೆ.

ಅ) ಮೊದಲೇ ಹಂಚಿದ ಕೀಲಿ. ರಕ್ಷಣಾ ತಂಡದ ಎಲ್ಲ ಸಾಧನಗಳಿಗೂ ಹೊರಡುವ ಮೊದಲೇ ಒಂದೇ ಕೀಲಿಯನ್ನು ಅಳವಡಿಸುವುದು. ವಿಧಾನ ಸರಳವಾದುದು. ಆದರೆ ಒಂದು ಸಾಧನ ಕಳೆದುಹೋದರೂ ಇಡೀ ತಂಡದ ಗುಟ್ಟು ಹೊರಬೀಳುತ್ತದೆ. ಎಲ್ಲ ಸಾಧನಗಳಲ್ಲಿಯೂ ಕೀಲಿಯನ್ನು ಬದಲಾಯಿಸಬೇಕಾಗುತ್ತದೆ.

ಆ) ಮುಖಾಮುಖಿ ಪರಿಚಯ. ಸ್ಟಜಾನೊ ಮತ್ತು ಆಂಡರ್ಸನ್ ತಮ್ಮ 1999ರ ಪ್ರಬಂಧದಲ್ಲಿ ಬಾತುಕೋಳಿ ಮರಿಯ ಹೋಲಿಕೆಯನ್ನು ನೀಡಿದರು. ಮೊಟ್ಟೆಯಿಂದ ಹೊರಬಂದ ಮರಿಯು ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿಯೆಂದು ಒಪ್ಪಿಕೊಳ್ಳುವಂತೆ, ಹೊಸ ಸಾಧನವು ಮೊದಲು ತನ್ನನ್ನು ಸ್ಪರ್ಶಿಸಿ ಕೀಲಿ ನೀಡಿದ ಸಾಧನವನ್ನೇ ಒಡೆಯನೆಂದು ನಂಬುತ್ತದೆ. ಗಾಳಿಯಲ್ಲಿ ಬಂದುದನ್ನು ನಂಬದೆ ನೇರ ಸ್ಪರ್ಶದಿಂದ ಬಂದುದನ್ನು ಮಾತ್ರ ನಂಬುವುದು ಇದರ ತಿರುಳು. ಇಬ್ಬರು ಎದುರೆದುರು ನಿಂತು ಪರದೆಯ ಮೇಲಿನ ಕ್ಯೂಆರ್ ಸಂಕೇತವನ್ನು ಪರಸ್ಪರ ಸ್ಕ್ಯಾನ್ ಮಾಡಿಕೊಳ್ಳುವ ಕ್ರಮದ ಹಿಂದೆಯೂ ಇದೇ ಆಲೋಚನೆ ಇದೆ.

ಇ) ಹಂಚಿದ ಅಧಿಕಾರ. 1999ರಲ್ಲಿ ಲಿಡಾಂಗ್ ಝೌ ಮತ್ತು ಜಿಗ್ಮಂಟ್ ಹಾಸ್ ಅವರು, ಪ್ರಮಾಣೀಕರಿಸುವ ಅಧಿಕಾರವನ್ನು ಒಂದೇ ಸಾಧನದಲ್ಲಿಡದೆ ಹಲವು ಸಾಧನಗಳಿಗೆ ಹಂಚುವ ಕ್ರಮವನ್ನು ಸೂಚಿಸಿದರು. ನಿಗದಿತ ಸಂಖ್ಯೆಯ ಸಾಧನಗಳು ಕೂಡಿದರೆ ಮಾತ್ರ ಸಹಿ ಸಿದ್ಧವಾಗುತ್ತದೆ. ಗುಟ್ಟನ್ನು ಹೀಗೆ ಹಂಚುವ ಗಣಿತವನ್ನು ಆದಿ ಶಮೀರ್ ಅವರು 1979ರಲ್ಲಿ ಪ್ರಕಟಿಸಿದ್ದರು.

ಈ ಗಣಿತವನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ಗುಟ್ಟಿನ ಸಂಖ್ಯೆ 7 ಎಂದಿರಲಿ. ಅದಕ್ಕೆ ಪ್ರತಿ ಹೆಜ್ಜೆಗೂ ಯಾರಿಗೂ ತಿಳಿಸದ 4ನ್ನು ಕೂಡಿಸುತ್ತ ಹೋದರೆ 1ನೇ ಹೆಜ್ಜೆಯಲ್ಲಿ 11, 2ನೆಯದರಲ್ಲಿ 15, 3ನೆಯದರಲ್ಲಿ 19 ದೊರೆಯುತ್ತದೆ. ಈ ಮೂರು ಸಂಖ್ಯೆಗಳನ್ನು, ಅವುಗಳ ಹೆಜ್ಜೆಯ ಸಂಖ್ಯೆಯೊಂದಿಗೆ, ಮೂವರಿಗೆ ಒಂದೊಂದಾಗಿ ಕೊಡಲಾಗುತ್ತದೆ. 11 ಇರುವವರು ಒಬ್ಬರೇ ಗುಟ್ಟನ್ನು ಅರಿಯಲಾರರು. ಹೆಜ್ಜೆಯ ಅಳತೆ ಅವರಿಗೆ ಗೊತ್ತಿಲ್ಲ. 11 ಮತ್ತು 15 ಇರುವ ಇಬ್ಬರು ಕೂಡಿದರೆ ಹೆಜ್ಜೆಯ ಅಳತೆ 4 ಎಂದು ತಿಳಿದು, 11ರಿಂದ 4ನ್ನು ಕಳೆದು 7ನ್ನು ಪಡೆಯುತ್ತಾರೆ. ಮೂವರಲ್ಲಿ ಯಾವ ಇಬ್ಬರು ಸೇರಿದರೂ ಸಾಕು. ಒಬ್ಬರ ಸಾಧನ ಕಳವಾದರೂ ಗುಟ್ಟು ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ. ವಾಸ್ತವ ಬಳಕೆಯಲ್ಲಿ ಊಹಿಸಲಾಗದಷ್ಟು ದೊಡ್ಡ ಸಂಖ್ಯೆಗಳನ್ನೂ, ಶೇಷವನ್ನು ಆಧರಿಸಿದ ಲೆಕ್ಕವನ್ನೂ ಉಪಯೋಗಿಸಲಾಗುತ್ತದೆ.

ಮೇಲ್ಕಂಡ ಮೂರು ವಿಧಾನಗಳಲ್ಲಿಯೂ ಸಮಾನವಾದ ಅಂಶವೊಂದಿದೆ. ಕೀಲಿಯನ್ನು ಹಂಚುವುದು, ಎದುರೆದುರು ಪರಿಚಯಿಸಿಕೊಳ್ಳುವುದು, ಅಧಿಕಾರವನ್ನು ಯಾರಿಗೆ ಹಂಚಬೇಕೆಂದು ತೀರ್ಮಾನಿಸುವುದು — ಈ ಎಲ್ಲವೂ ವಿಪತ್ತಿಗೆ ಮುಂಚಿತವಾಗಿ ಆಗಬೇಕಾದ ಕೆಲಸಗಳು.

7. ಮಾರ್ಗದ ಸುರಕ್ಷತೆ

ಸಂದೇಶವು ಭದ್ರವಾಗಿದ್ದರೂ ದಾರಿಯು ಭದ್ರವಾಗಿಲ್ಲದಿದ್ದರೆ ಅದು ತಲುಪುವುದಿಲ್ಲ. 2003ರಲ್ಲಿ ಪ್ರಕಟವಾದ ಎಒಡಿವಿ ನಿಯಮಾವಳಿಯಲ್ಲಿ ವಿಶೇಷ ಸುರಕ್ಷತಾ ಕ್ರಮಗಳನ್ನು ನಿಗದಿಪಡಿಸಿರಲಿಲ್ಲ. ಈ ವಿಷಯವನ್ನು ಆ ದಾಖಲೆಯಲ್ಲಿಯೇ ತಿಳಿಸಲಾಗಿತ್ತು. ಭಾಗವಹಿಸುವ ಸಾಧನಗಳು ಪರಸ್ಪರ ನಂಬಿಕೆಗೆ ಅರ್ಹವೆಂಬ ಎಣಿಕೆಯ ಮೇಲೆ ಆರಂಭದ ವಿನ್ಯಾಸಗಳು ನಿಂತಿದ್ದವು. ನಂತರದ ಸಂಶೋಧನೆಗಳು ಈ ಕೊರತೆಯನ್ನು ತುಂಬಲು ಯತ್ನಿಸಿದವು.

ಅ) ಕಾವಲು ವಿಧಾನ: 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೂಚಿಸಿದ ಈ ವಿಧಾನದಲ್ಲಿ, ಸಂದೇಶವನ್ನು ನೆರೆಯ ಸಾಧನಕ್ಕೆ ಕೊಟ್ಟ ನಂತರ ಅದು ಮುಂದಕ್ಕೆ ಕಳುಹಿಸಿತೇ ಎಂದು ಆಲಿಸಲಾಗುತ್ತದೆ. ಪದೇ ಪದೇ ಕಳುಹಿಸದ ಸಾಧನವನ್ನು ಮಾರ್ಗದಿಂದ ಬಿಡಲಾಗುತ್ತದೆ. ಸಂಕೇತಗಳು ಒಂದಕ್ಕೊಂದು ಡಿಕ್ಕಿಯಾದಾಗ ಪ್ರಾಮಾಣಿಕ ಸಾಧನವೂ ಸಂಶಯಕ್ಕೆ ಒಳಗಾಗಬಹುದೆಂಬುದು ಇದರ ಮಿತಿ.

ಆ) ಅರಿಯಡ್ನೆ: 2002ರಲ್ಲಿ ಯಿಹ್-ಚುನ್ ಹೂ, ಏಡ್ರಿಯನ್ ಪೆರಿಗ್ ಮತ್ತು ಡೇವಿಡ್ ಜಾನ್ಸನ್ ರೂಪಿಸಿದ ಈ ವಿಧಾನವು ಮಾರ್ಗದಲ್ಲಿನ ಸಾಧನಗಳನ್ನು ಕಡಿಮೆ ಲೆಕ್ಕಾಚಾರದಲ್ಲಿಯೇ ದೃಢೀಕರಿಸುತ್ತದೆ. ಇದರಿಂದ ಮಾರ್ಗದ ಪಟ್ಟಿಯಲ್ಲಿ ಹೆಸರನ್ನು ಸೇರಿಸುವುದೂ ಅಳಿಸುವುದೂ ಕಷ್ಟವಾಗುತ್ತದೆ.

ಇ) ಪ್ಯಾಕೆಟ್‌ಗೆ ಕಟ್ಟಿದ ಹಗ್ಗ: ಸುರಂಗ ದಾಳಿಯನ್ನು ತಡೆಯಲು ಇದೇ ಸಂಶೋಧಕರು 2003ರಲ್ಲಿ ಸೂಚಿಸಿದ ವಿಧಾನ. ರೇಡಿಯೋ ಅಲೆಯು 1 ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀಟರ್ ಸಾಗುತ್ತದೆ. ಹೊರಟ ಸಮಯವನ್ನು ಸಂದೇಶದಲ್ಲಿಯೇ ನಮೂದಿಸಿ ದೃಢೀಕರಿಸಿದರೆ, ತಲುಪಿದ ಸಮಯದಿಂದ ಅದು ಎಷ್ಟು ದೂರದಿಂದ ಬಂದಿರಬಹುದೆಂಬ ಮಿತಿಯನ್ನು ಲೆಕ್ಕಹಾಕಬಹುದು. ಗಡಿಯಾರಗಳಲ್ಲಿ 1 ಮೈಕ್ರೋಸೆಕೆಂಡ್ ವ್ಯತ್ಯಾಸವಿದ್ದರೂ ದೂರದ ಲೆಕ್ಕದಲ್ಲಿ ಸುಮಾರು 300 ಮೀಟರ್ ತಪ್ಪಾಗುವುದರಿಂದ ಇದಕ್ಕೆ ಅತಿ ನಿಖರವಾದ ಗಡಿಯಾರಗಳು ಬೇಕು.

2014ರಲ್ಲಿ ಐಇಟಿಎಫ್ ಪ್ರಕಟಿಸಿದ ಒಎಲ್‌ಎಸ್‌ಆರ್ ನಿಯಮಾವಳಿಯ ಎರಡನೆಯ ಆವೃತ್ತಿಯೊಂದಿಗೆ, ಮಾರ್ಗ ಸಂದೇಶಗಳ ಅಖಂಡತೆಯನ್ನು ಪರೀಕ್ಷಿಸುವ ಹಾಗೂ ಸಮಯದ ಮುದ್ರೆಯಿಂದ ಮರುಪ್ರಸಾರವನ್ನು ತಡೆಯುವ ಕ್ರಮಗಳನ್ನು ಪ್ರತ್ಯೇಕ ದಾಖಲೆಯಲ್ಲಿ ವಿಧಿಸಲಾಯಿತು. ಅದರಲ್ಲಿಯೂ ಸಾಧನಗಳು ಹಂಚಿಕೊಂಡ ಗುಟ್ಟಿನ ಕೀಲಿಯೇ ಆಧಾರ. ಆ ಕೀಲಿಯನ್ನು ಮೊದಲು ತಲುಪಿಸುವ ಹೊಣೆ ಜಾಲವನ್ನು ನಡೆಸುವವರದೇ ಆಗಿರುತ್ತದೆ.

8. ಬಳಕೆಯಲ್ಲಿ ಕಂಡುಬಂದ ಅನುಭವ

2014ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನೆಗಳ ಸಮಯದಲ್ಲಿ ಫೈರ್‌ಚಾಟ್ ಎಂಬ ತಂತ್ರಾಂಶವು ವ್ಯಾಪಕವಾಗಿ ಬಳಕೆಯಾಯಿತು. ದೂರವಾಣಿಗಳ ನಡುವೆ ನೇರ ಸಂಪರ್ಕ ಕಲ್ಪಿಸುವ ಈ ತಂತ್ರಾಂಶದ ಸಂಭಾಷಣಾ ಕೊಠಡಿಗಳು ಆಗ ಬಹಿರಂಗವಾಗಿದ್ದು, ಯಾರು ಬೇಕಾದರೂ ಓದಬಹುದಾಗಿತ್ತು.

ಬ್ಲೂಟೂತ್ ಮೂಲಕ ಕೆಲಸ ಮಾಡುವ ಬ್ರಿಡ್ಜ್‌ಫೈ ತಂತ್ರಾಂಶವು 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೆಚ್ಚಾಗಿ ಬಳಕೆಗೆ ಬಂದಿತು. 2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಸಂಶೋಧಕರು ಇದನ್ನು ಪರಿಶೀಲಿಸಿ ಗಂಭೀರ ದೋಷಗಳನ್ನು ಪ್ರಕಟಿಸಿದರು. ಬಳಕೆದಾರರ ಗುರುತನ್ನು ದೃಢೀಕರಿಸುವ ಪರಿಣಾಮಕಾರಿ ವ್ಯವಸ್ಥೆ ಅದರಲ್ಲಿರಲಿಲ್ಲ. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಸಂದೇಶ ಕಳುಹಿಸಬಹುದಾಗಿತ್ತು. ಖಾಸಗಿ ಸಂದೇಶಗಳನ್ನು ಓದಬಹುದಾಗಿತ್ತು. ಯಾರು ಯಾರೊಡನೆ ಸಂಪರ್ಕದಲ್ಲಿದ್ದಾರೆಂಬುದನ್ನು ಪತ್ತೆಹಚ್ಚಬಹುದಾಗಿತ್ತು. ತೆರೆದಾಗ ಅತಿಯಾಗಿ ಹಿಗ್ಗುವಂತೆ ಸಿದ್ಧಪಡಿಸಿದ ಒಂದೇ ಸಂದೇಶದಿಂದ ಜಾಲವನ್ನೇ ಸ್ಥಗಿತಗೊಳಿಸಬಹುದಾಗಿತ್ತು. ಅದೇ ವರ್ಷ ಸಂಸ್ಥೆಯು ಹೆಚ್ಚು ಬಲವಾದ ಸಿಗ್ನಲ್ ನಿಯಮಾವಳಿಯನ್ನು ಅಳವಡಿಸಿತು. ಆದರೆ 2022ರಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆಯು, ಬಲವಾದ ಗೂಢಲಿಪಿಯನ್ನು ಜೋಡಿಸಿದ ಬಗೆಯಲ್ಲಿಯೇ ದೋಷಗಳು ಉಳಿದಿದ್ದವೆಂದು ತೋರಿಸಿತು.

2025ರ ಜುಲೈನಲ್ಲಿ ಜ್ಯಾಕ್ ಡಾರ್ಸಿ ಅವರು ಬಿಟ್‌ಚಾಟ್ ಎಂಬ ಇಂತಹುದೇ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಕೆಲವೇ ದಿನಗಳಲ್ಲಿ ಅದರಲ್ಲಿಯೂ ಒಬ್ಬರ ಗುರುತನ್ನು ಮತ್ತೊಬ್ಬರು ಧರಿಸಬಹುದಾದ ದೋಷ ಬೆಳಕಿಗೆ ಬಂದಿತು. ಹೊರಗಿನ ಸುರಕ್ಷತಾ ಪರಿಶೀಲನೆ ಇನ್ನೂ ನಡೆದಿಲ್ಲವೆಂಬ ಎಚ್ಚರಿಕೆಯನ್ನು ಅದರ ಜೊತೆಗೆ ಪ್ರಕಟಿಸಲಾಯಿತು.

2020 ಮತ್ತು 2025ರ ಪ್ರಕರಣಗಳೆರಡರಲ್ಲಿಯೂ ಎದ್ದು ಕಂಡ ಕೊರತೆ ಗುರುತಿನ ದೃಢೀಕರಣದ್ದು. ಎದುರಿಗಿರುವವರು ಯಾರೆಂದು ಖಚಿತವಾಗದಿದ್ದಲ್ಲಿ ಗೂಢಲಿಪಿಯು ತಪ್ಪು ವ್ಯಕ್ತಿಗೆ ಭದ್ರವಾಗಿ ತಲುಪಿಸುವ ಸಾಧನವಾಗುತ್ತದೆ.

9. ಪರವಾನಗಿ ಮತ್ತು ಕಾನೂನಿಗೆ ಸಂಬಂಧಿಸಿದ ಅಂಶಗಳು

ಅ) ವೈ-ಫೈ ಮತ್ತು ಬ್ಲೂಟೂತ್ ಬಳಸುವ 2.4ರಿಂದ 2.4835 ಗಿಗಾಹರ್ಟ್ಸ್ ತರಂಗಾಂತರ ಶ್ರೇಣಿಯಲ್ಲಿ, ನಿಗದಿತ ಮಿತಿಯೊಳಗಿನ ಅಲ್ಪ ಶಕ್ತಿಯ ಸಾಧನಗಳಿಗೆ ಕೇಂದ್ರ ಸರ್ಕಾರವು 2005ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಿತು. ಈ ವಿನಾಯಿತಿಯು ಇತರರೊಂದಿಗೆ ಹಂಚಿಕೊಂಡು ಬಳಸುವ ಷರತ್ತಿಗೆ ಒಳಪಟ್ಟುದು. ಇತರರ ಸಂಕೇತಗಳಿಂದ ಆಗುವ ಅಡಚಣೆಯ ವಿರುದ್ಧ ರಕ್ಷಣೆ ಕೋರಲಾಗದು.

ಆ) ಹವ್ಯಾಸಿ ರೇಡಿಯೋ ಬಳಕೆಗೆ ಪರವಾನಗಿ ಅಗತ್ಯ. 2004ರ ಡಿಸೆಂಬರ್ 26ರ ಸುನಾಮಿಯ ಸಂದರ್ಭದಲ್ಲಿ ಪೋರ್ಟ್ ಬ್ಲೇರ್‌ಗೆ ತೆರಳಿದ್ದ ಹವ್ಯಾಸಿ ತಂಡವೊಂದು ಅಂಡಮಾನಿನಿಂದ ಮುಖ್ಯಭೂಮಿಗೆ ಜನರ ಕ್ಷೇಮಸಮಾಚಾರವನ್ನು ತಲುಪಿಸಿತ್ತು. ಬೇರೆ ಬೇರೆ ದೇಶಗಳ ಹವ್ಯಾಸಿ ಕೇಂದ್ರಗಳ ನಡುವಿನ ಪ್ರಸಾರದಲ್ಲಿ ಅರ್ಥವನ್ನು ಮರೆಮಾಡುವ ಸಂಕೇತಗಳನ್ನು ಬಳಸುವಂತಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಗಳು ವಿಧಿಸುತ್ತವೆ. ಆದುದರಿಂದ ಹವ್ಯಾಸಿ ರೇಡಿಯೋ ಮೂಲಕ ಕಳುಹಿಸಿದ ಸಂದೇಶವನ್ನು ಬಹಿರಂಗ ಸಂದೇಶವೆಂದೇ ಪರಿಗಣಿಸಬೇಕು.

ಇ) ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 3ನೇ ಪ್ರಕರಣವು ಡಿಜಿಟಲ್ ಸಹಿಯ ಮೂಲಕ ವಿದ್ಯುನ್ಮಾನ ದಾಖಲೆಯ ದೃಢೀಕರಣಕ್ಕೆ ಅವಕಾಶ ಕಲ್ಪಿಸುತ್ತದೆ. ಇತರರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವುದು 66ಸಿ ಪ್ರಕರಣದ ಅಡಿಯಲ್ಲಿ ಅಪರಾಧ. ಇದಕ್ಕೆ 3 ವರ್ಷಗಳವರೆಗಿನ ಕಾರಾವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ಜುಲ್ಮಾನೆ ವಿಧಿಸಬಹುದು.

10. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

ವಿಪತ್ತಿಗೆ ಮುಂಚಿತವಾಗಿ:

1) ಬಳಸಲು ಉದ್ದೇಶಿಸಿರುವ ತಂತ್ರಾಂಶವನ್ನು ಅಂತರಜಾಲ ಲಭ್ಯವಿರುವಾಗಲೇ ಅಧಿಕೃತ ಮೂಲದಿಂದ ಅಳವಡಿಸಿಕೊಂಡು, ಆಗಾಗ್ಗೆ ನವೀಕರಿಸತಕ್ಕದ್ದು.

2) ಅದರ ಸುರಕ್ಷತೆಯನ್ನು ಸ್ವತಂತ್ರ ಪರಿಣತರು ಪರಿಶೀಲಿಸಿದ್ದಾರೆಯೇ, ತುದಿಯಿಂದ ತುದಿಗೆ ರಕ್ಷಣೆ ಇದೆಯೇ ಎಂಬುದನ್ನು ವಿಚಾರಿಸತಕ್ಕದ್ದು.

3) ಕುಟುಂಬದ ಸದಸ್ಯರು, ನೆರೆಹೊರೆಯವರು ಮತ್ತು ಸ್ವಯಂಸೇವಕರು ಎದುರೆದುರು ಕುಳಿತು ಪರಸ್ಪರರ ಕೀಲಿಯನ್ನು ಕ್ಯೂಆರ್ ಸಂಕೇತದ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು. ಈ ಕಾರ್ಯವನ್ನು ಮುಂದೂಡಬಾರದು.

4) ಸಾಧನಕ್ಕೆ ಬಲವಾದ ಪರದೆ ಬೀಗವನ್ನು ಅಳವಡಿಸತಕ್ಕದ್ದು. ಕಳವಾದ ಸಾಧನದ ಕೀಲಿಯನ್ನು ಇತರರು ತಮ್ಮ ಪಟ್ಟಿಯಿಂದ ಕೂಡಲೇ ತೆಗೆದುಹಾಕತಕ್ಕದ್ದು.

ವಿಪತ್ತಿನ ಸಮಯದಲ್ಲಿ:

5) ಸಂದೇಶದಲ್ಲಿ ದಿನಾಂಕ, ಸಮಯ ಮತ್ತು ಸ್ಥಳವನ್ನು ಬರೆಯತಕ್ಕದ್ದು. ಹಳೆಯ ಸಂದೇಶವನ್ನು ಹೊಸದೆಂದು ಭಾವಿಸುವುದನ್ನು ಇದು ತಡೆಯುತ್ತದೆ.

6) ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಓಟಿಪಿ ಮತ್ತು ಪಾಸ್‌ವರ್ಡ್‌ಗಳನ್ನು ಇಂತಹ ಜಾಲದಲ್ಲಿ ಕಳುಹಿಸಬಾರದು. ಪರಿಹಾರ ಅಥವಾ ಇತರ ಸೇವೆಗೆ ಅರ್ಜಿ ಸಲ್ಲಿಸುವ ನೆಪದಲ್ಲಿ ಯಾರಾದರೂ ಕೇಳಿದರೂ ನೀಡಬಾರದು.

7) ಸೇತುವೆ, ಅಣೆಕಟ್ಟು, ಸ್ಥಳಾಂತರ ಮುಂತಾದ ವಿಷಯಗಳ ಸಂದೇಶವನ್ನು ಕಳುಹಿಸಿದವರ ಗುರುತು ಖಚಿತವಾಗದ ಹೊರತು ಮುಂದಕ್ಕೆ ಹರಡಬಾರದು.

8) ಗೋಪುರದ ಸಂಪರ್ಕ ಮರಳಿದ ಕೂಡಲೇ ತುರ್ತು ನೆರವಿಗೆ 112 ಸಂಖ್ಯೆಗೂ, ಆನ್‌ಲೈನ್ ಹಣಕಾಸು ವಂಚನೆಯ ದೂರಿಗೆ 1930 ಸಂಖ್ಯೆಗೂ ಕರೆ ಮಾಡತಕ್ಕದ್ದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂದೇಶವು ಗೂಢಲಿಪಿಯಲ್ಲಿದ್ದರೆ ಕಳುಹಿಸಿದವರ ಗುರುತೂ ಗುಟ್ಟಾಗಿ ಉಳಿಯುವುದೇ?
ಉತ್ತರ: ಉಳಿಯುತ್ತದೆಂದು ಹೇಳಲಾಗದು. ಯಾವ ಸಾಧನ, ಯಾವಾಗ, ಎಷ್ಟು ದೊಡ್ಡ ಸಂದೇಶವನ್ನು ಪ್ರಸಾರ ಮಾಡಿತು ಎಂಬುದನ್ನು ಸಮೀಪದಲ್ಲಿರುವವರು ಗಮನಿಸಬಹುದು. ಲಕೋಟೆ ಮುಚ್ಚಿದ್ದರೂ ಅದನ್ನು ಕೊಡುತ್ತಿರುವವರು ಕಾಣಿಸುತ್ತಾರೆ.

ಪ್ರಶ್ನೆ: ಹೆಚ್ಚು ಸಾಧನಗಳಿದ್ದಲ್ಲಿ ಜಾಲವು ಹೆಚ್ಚು ಸುರಕ್ಷಿತವೇ?
ಉತ್ತರ: ಸಾಧನಗಳು ಹೆಚ್ಚಿದ್ದಲ್ಲಿ ಪರ್ಯಾಯ ಮಾರ್ಗಗಳು ಹೆಚ್ಚುತ್ತವೆ, ಒಂದು ಮಾರ್ಗ ಕೆಟ್ಟರೂ ಸಂದೇಶ ತಲುಪುವ ಸಾಧ್ಯತೆ ಇರುತ್ತದೆ. ಆದರೆ ಕದ್ದಾಲಿಸುವವರ ಹಾಗೂ ನಕಲಿ ಗುರುತುಗಳ ಸಾಧ್ಯತೆಯೂ ಹೆಚ್ಚುತ್ತದೆ.

ಪ್ರಶ್ನೆ: ಪರಿಚಯವೇ ಇಲ್ಲದವರಿಂದ ನೆರವು ಕೋರುವ ಸಂದೇಶ ಬಂದರೆ ಅಲಕ್ಷಿಸಬೇಕೇ?
ಉತ್ತರ: ಅಲಕ್ಷಿಸಬೇಕಾಗಿಲ್ಲ. ಪ್ರಾಣಾಪಾಯದಲ್ಲಿರುವವರು ಕೀಲಿ ವಿನಿಮಯ ಮಾಡಿಕೊಂಡಿರಲಾರರು. ಅಂತಹ ಸಂದೇಶವನ್ನು, ದೃಢಪಟ್ಟಿಲ್ಲ ಎಂಬ ಷರಾದೊಂದಿಗೆ, ಸಮೀಪದ ರಕ್ಷಣಾ ಸಿಬ್ಬಂದಿಗೆ ತಲುಪಿಸಬೇಕು. ಸಂದೇಶವನ್ನು ಸಾಗಿಸುವುದು ಬೇರೆ, ಅದನ್ನು ನಿಜವೆಂದು ಪ್ರಮಾಣೀಕರಿಸುವುದು ಬೇರೆ.

ಪ್ರಶ್ನೆ: ಈ ಕ್ರಮಗಳಿಗೆ ತಗಲುವ ವೆಚ್ಚವೆಷ್ಟು?
ಉತ್ತರ: ಕೀಲಿಯನ್ನು ಎದುರೆದುರು ಖಚಿತಪಡಿಸಿಕೊಳ್ಳುವುದಕ್ಕೆ ಹಣದ ವೆಚ್ಚವಿಲ್ಲ, ಕೆಲವು ನಿಮಿಷಗಳ ಬಿಡುವು ಸಾಕು. ಮಳೆಗಾಲ ಆರಂಭವಾಗುವ ಮೊದಲು ಪ್ರತಿ ಕುಟುಂಬವೂ ಈ ಕಾರ್ಯವನ್ನು ಪೂರ್ಣಗೊಳಿಸಿಕೊಳ್ಳುವುದು ಸೂಕ್ತ.